ಗಿರೀಶನ ಆಪ್ ಮತ್ತು ಜಯಮ್ಮನವರ ಸಿಂಗಾಪುರ ಡಾಲರ್

ಗೆಳೆಯರೇ, ಪಟ್ಟಂದೂರು ಅಗ್ರಹಾರದಲ್ಲಿ ನಮ್ಮ ಗಿರೀಶನ ಕಂಪನಿ ಇಂದು ಬೆಳಗ್ಗೆ ಕಣ್ಣುಮುಚ್ಚಿತು. ವಿದೇಶದಿಂದ ಬಂದವರ ಬಳಿ ಉಳಿದ ಅಲ್ಲಿನ ನೋಟುಗಳನ್ನು ಅಲ್ಲಿಗೆ ಹೊರಟವರಿಗೆ ನೇರವಾಗಿ ಕೊಡಿಸುವ ಆಪ್ ಅದು. ಮೊದಲ ವರ್ಷ ಜನ ಮುಗಿಬಿದ್ದರು. ಆಮೇಲೆ ನೋಡಿದರೆ ಹೊರಡುವವರೇ ಎಲ್ಲ, ಮರಳುವವರೇ ಇಲ್ಲ.

ಮಂಕಾಗಿ ಬೋರ್ಡು ಬಿಚ್ಚುತ್ತಿದ್ದವನ ಬಳಿ ಮನೆ ಓನರ್ ಜಯಮ್ಮ ಬಂದರು. "ನಾಳಿದ್ದು ಸಿಂಗಾಪುರಕ್ಕೆ ಓಗ್ತಾ ಇವ್ನಿ ಕಣಪ್ಪ, ಡಾಲರ್ ಕೊಡ್ಸು."

"ಆಪ್ ಮುಚ್ಚೋಯ್ತು ಅಮ್ಮ."

ಜಯಮ್ಮ ಬಾಲ್ಕನಿಗೆ ಹೋಗಿ ಎದುರಿನ ಪೀಜಿ ಹಾಸ್ಟೆಲ್ಲಿನ ಹುಡುಗಿಯರಿಗೆ ಕೂಗಿದರು: "ಸಿಂಗಾಪುರದಿಂದ ಬಂದೋರ್ ಯಾರಾನಾ ಇದ್ದೀರೇನ್ರಮ್ಮಾ?"

ಐದೇ ನಿಮಿಷದಲ್ಲಿ ಒಬ್ಬಳು ನೋಟು ಹಿಡಿದು ಬಂದಳು.

ಗಿರೀಶ ಬೆಳಗಿನಿಂದ ಮೊದಲ ಸಲ ನಕ್ಕ. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಅಮ್ಮ?"

"ನೀನ್ ಯಾವತ್ತು ಕೇಳ್ದೆ? ಬಾ, ಮುದ್ದೆ ಆಗೈತೆ. ಉಣ್ಣು ಮೊದ್ಲು."

ಸ್ಥಾಪಕರು ಸದ್ಯ ಎರಡನೇ ಮುದ್ದೆ ಮುರಿಯುತ್ತಿದ್ದಾರೆ. ಸಂತಾಪ ಸೂಚಿಸುವವರು ದಯವಿಟ್ಟು ಊಟವಾದ ಮೇಲೆ ಫೋನ್ ಮಾಡಿ.