ಮುತ್ತನ ಮಜ್ಜೆ ಒಣಗಿಸುವ ಯಮುನಕ್ಕ

ನೆಲ್ಯಹುದಿಕೇರಿಯ ಹೊಳೆಬದಿಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಸಣ್ಣ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಆಯಾ ಯಮುನಕ್ಕ ಇದ್ದಿಲ ಒಲೆಯ ಮುಂದೆ ಕುಳಿತು ಗಾಜಿನ ಪಟ್ಟಿಯೊಂದನ್ನು ಕೆಂಡದ ಮೇಲೆ ದೂರದಿಂದಲೇ ಆಡಿಸುತ್ತಿದ್ದಾರೆ. ಗಾಜಿಗೆ ಬಳಿದಿರುವುದು ತೋಟದ ಆಳು ಮುತ್ತನ ಎದೆಯೆಲುಬಿನಿಂದ ಡಾಕ್ಟರು ಈಗಷ್ಟೇ ತೆಗೆದ ಮಜ್ಜೆ. ಕೊಡಗಿನ ಈ ಮಳೆಯಲ್ಲಿ ಅದು ತಾನಾಗಿ ಒಣಗುವುದುಂಟೇ? ತೀರಾ ಹತ್ತಿರ ಹಿಡಿದರೆ ಸುಟ್ಟೇ ಹೋದೀತು.

ರಕ್ತ ಹುಟ್ಟುವುದು ಎಲುಬಿನೊಳಗೆ. ಅಲ್ಲಿ ಬೀಜದಂಥ ಕಣಗಳು ಒಂದಿಷ್ಟು ಉಳಿದಿದ್ದರೂ ಸಾಕು, ರಕ್ತ ಮತ್ತೆ ಹುಟ್ಟಬಹುದು ಎಂಬುದು ಡಾಕ್ಟರ್ ಕುಟ್ಟಪ್ಪನವರ ನಂಬಿಕೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷದಿಂದಲೂ ಅವರು ರೋಗಿಗಳ ಮಜ್ಜೆಯಲ್ಲಿ ಆ ಕಣಗಳನ್ನೇ ಹುಡುಕುತ್ತಿದ್ದಾರೆ. ಕಾಫಿಯ ಕಾಂಡಕೊರಕ ಹುಳುವಿಗೆ ಬರಿಗೈಯಲ್ಲಿ ಮದ್ದು ಬಳಿಯುತ್ತಿದ್ದ ಮುತ್ತ ಬಿಳಿಚಿಕೊಂಡು ಇಲ್ಲಿಗೆ ಬಂದ. ಮದ್ದಿನಿಂದಲೇ ಹೀಗಾಯಿತೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬೇರೆಯವರ ರಕ್ತ ಕೊಟ್ಟು ಜೀವ ಹಿಡಿದಿಟ್ಟಿದ್ದಾರೆ. ಮಜ್ಜೆ ಪೂರಾ ಬರಿದಾಗಿದ್ದರೆ ಅವನು ಉಳಿಯುವುದಿಲ್ಲ.

ಕಳೆದ ವಾರವೇ ಗೊತ್ತಾಗಬೇಕಿತ್ತು. ಆದರೆ ಅಂದು ಮುತ್ತನ ಮಜ್ಜೆ ಬಳಿದು ಮೇಜಿನ ಮೇಲಿಟ್ಟಿದ್ದ ಗಾಜುಗಳನ್ನು ಯಮುನಕ್ಕ ಕೊಳೆಯೆಂದು ಬೂದಿ ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ತೊಳೆದಿಟ್ಟರು. ಪಾಪ, ಅವರ ತಪ್ಪೇನು? ಕೋಳಿ ಕೊಯ್ದ ಕತ್ತಿಯನ್ನು ನೆತ್ತರು ಸಮೇತ ಇಟ್ಟು ಮಲಗುವ ಪದ್ಧತಿ ಅವರ ಮನೆಯಲ್ಲಿಲ್ಲ.

“ಡಾಕ್ಟ್ರು ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು” ಎನ್ನುತ್ತಾರೆ ಯಮುನಕ್ಕ. “ಬೇರೆ ಗಾಜು ತೆಗೆದಿಡು ಅಂದ್ರು ಅಷ್ಟೆ.”

ಮತ್ತೊಮ್ಮೆ ಸೂಜಿ ಹಾಕಬೇಕೆಂದಾಗ ಮುತ್ತ ಹೆದರಿ ತೋಟದ ಆಳುಗಳ ಲೈನುಮನೆಗೆ ವಾಪಸು ಹೋದ. ಅದೇ ಸಂಜೆ ಯಮುನಕ್ಕ ಮಳೆಗೆ ಎಲೆಯ ಗೊರಬೆ ಹೊದ್ದು, ಜಿಗಣೆ ಕಿತ್ತು ಬಿಸಾಡುತ್ತ ಅಲ್ಲಿಗೆ ನಡೆದರು. ತೊಳೆದದ್ದು ತಾನೇ ಎಂದು ಮೊದಲು ಹೇಳಿದರು.

“ಎಲುಬಿಂದ ತೆಗೆದದ್ದು ಮತ್ತೆ ಬರ್ತದಾ ಅಕ್ಕ?” ಎಂದು ಮುತ್ತ ಕೇಳಿದ.

“ಕಾಫಿ ಗಿಡದ ಚಿಗುರು ತೆಗೆಯುವವ ನೀನು. ತೆಗೆದ ಜಾಗದಲ್ಲೇ ಮತ್ತೆ ಬರ್ತದಲ್ಲ, ನೋಡ್ಲಿಲ್ವಾ?”

“ಸತ್ತ ಗಿಡದಲ್ಲಿ ಬರೂದಿಲ್ಲ.”

“ಸತ್ತಿದ್ಯಾ ಇಲ್ವಾ ಅಂತ ನೋಡೂದಕ್ಕೇ ಬಾ ಅಂತ ಹೇಳಿದೆ. ಸೂಜಿ ಹಾಕುವಾಗ ನಾನು ಕೈ ಹಿಡೀತೇನೆ ಅಂದೆ” ಎಂದು ಯಮುನಕ್ಕ ನೆನೆಯುತ್ತಾರೆ. ಇಂದು ಬೆಳಗ್ಗೆ ಅವನು ಹಿಡಿದ ಗುರುತು ಅವರ ಮಣಿಕಟ್ಟಿನ ಮೇಲೆ ಇನ್ನೂ ಕೆಂಪಗಿದೆ.

ಗಾಜು ಒಣಗಿದೆ. ಡಾಕ್ಟರು ಕಣಗಳು ಕಾಣಲೆಂದು ಬಣ್ಣ ಹಾಕಿ, ಹೆಚ್ಚಾದದ್ದನ್ನು ತೊಳೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದಾರೆ. ಯಮುನಕ್ಕ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದಾರೆ. ಹೊರಗೆ ಬೆಂಚಿನ ಮೇಲೆ ಮುತ್ತ ಕಂಬಳಿ ಹೊದ್ದು ಕುಳಿತಿದ್ದಾನೆ.

“ಒಂದು ಕಡೆ ಕಣಗಳು ಗುಂಪಾಗಿ ಕಾಣ್ತವೆ ಯಮುನ. ಸಣ್ಣ ಗುಂಪು” ಎನ್ನುತ್ತಾರೆ ಡಾಕ್ಟರು, ತಲೆಯೆತ್ತದೆ. “ಆದರೆ ಉಂಟು. ಬದುಕಿದೆ.”

ಯಮುನಕ್ಕನ ಕಣ್ಣು ತುಂಬುತ್ತದೆ. ಇಷ್ಟು ವರ್ಷ ಆ ಕೋಣೆ ಗುಡಿಸಿದವರು ಒಮ್ಮೆಯೂ ಆ ಕೊಳವೆಯೊಳಗೆ ಇಣುಕಿದವರಲ್ಲ. ಡಾಕ್ಟರು ಎದ್ದು, ಬಂದು ನೋಡು ಎಂದು ಜಾಗ ಬಿಡುತ್ತಾರೆ. ಯಮುನಕ್ಕ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಲ್ಲುತ್ತಾರೆ.

“ಮೊದಲು ಮುತ್ತ ನೋಡ್ಲಿ ಡಾಕ್ಟ್ರೇ. ಕರ್ಕೊಂಡು ಬರ್ತೇನೆ.”