ಅತ್ತೆಯ ಬಿಸಲೆಗೆ ಎರಡು ಕೋಟ್ ವಾರ್ನಿಶ್

ನಮ್ಮ ಮನೆಯ ಮೀನುಸಾರಿನ ಮಡಕೆ ಹೋದ ತಿಂಗಳು ಪ್ರದರ್ಶನಕ್ಕೆ ಹೋಗಿ ಬಂತು. ಹೋಗುವಾಗ ಕಪ್ಪಗಿತ್ತು. ಬರುವಾಗ ಮದುಮಗಳ ಹಾಗೆ ಮಿರಮಿರ ಮಿಂಚುತ್ತಿತ್ತು. ಆಮೇಲೆ ಅದರಲ್ಲಿ ಒಮ್ಮೆಯೂ ಸಾರು ಕುದಿಯಲಿಲ್ಲ.

ದೆಹಲಿಯ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಜನವರಿ ಬಂತೆಂದರೆ ಎಲ್ಲರೂ ಕಲಾವಿದರೇ. ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತಾ ಕೂತವರಿಗೆ ಏನಾದರೂ ಹೊಳೆಯಲೇಬೇಕಲ್ಲ? ಈ ಸಲ ಮೇಲಿನ ಮನೆಯ ರಶ್ಮಿ ದೀದಿಗೆ ಹೊಳೆಯಿತು. ದೇಶವಿದೇಶದ ಮಣ್ಣಿನ ಪಾತ್ರೆಗಳ ಪ್ರದರ್ಶನ! (ದೀದಿ ವೀಕೆಂಡಿನಲ್ಲಿ ಪಾಟರಿ ಕ್ಲಾಸಿಗೆ ಹೋಗುತ್ತಾರೆ. ಅವರ ಕೈಯಾರೆ ಮಾಡಿದ ಮಗ್ ನಮ್ಮಲ್ಲೂ ಒಂದಿದೆ. ಪೆನ್ನು ಇಡುತ್ತೇವೆ. ಚಹಾ ಹಾಕಿದರೆ ಸೋರುತ್ತದೆ.)

"ನಿಮ್ಮ ಸೌತ್‌ನದ್ದು ಏನಾದರೂ ಅಥೆಂಟಿಕ್ ಇದೆಯಾ?" ಎಂದು ಹಿಂದಿಯಲ್ಲಿ ಕೇಳಿದರು. ಅಥೆಂಟಿಕ್ ಅಂದರೆ ಯಾರು ತಾನೇ ಉಬ್ಬುವುದಿಲ್ಲ? ನನಗೆ ಅತ್ತೆಯ ಬಿಸಲೆ ನೆನಪಾಯಿತು.

ಬಿಸಲೆ ಅಂದರೆ ನಮ್ಮ ಕರಾವಳಿಯಲ್ಲಿ ಮೀನುಸಾರು ಮಾಡುವ ಅಗಲ ಬಾಯಿಯ ಮಡಕೆ. ಅತ್ತೆ ನಮ್ಮ ಜೊತೆ ಇರಲು ದೆಹಲಿಗೆ ಬಂದಾಗ ಅದನ್ನು ಸೀರೆಯಲ್ಲಿ ಸುತ್ತಿ, ರೈಲಿನಲ್ಲಿ ಉದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಅದರ ಮೈಮೇಲೆ ಊರಿನ ಸೌದೆ ಒಲೆಯ ಮಸಿ, ಒಳಗೆ ಎಷ್ಟೋ ವರ್ಷಗಳ ಬಂಗುಡೆ, ಹುಳಿ, ತೆಂಗಿನೆಣ್ಣೆ. ಸೋಪು ತಾಗಿಸುವಂತಿಲ್ಲ. ಬಿಸಿನೀರು, ತೆಂಗಿನ ನಾರು, ಅಷ್ಟೇ.

"ನಾಲ್ಕು ದಿನ ತಾನೇ? ಕೊಡು" ಎಂದರು ಅತ್ತೆ. "ಭಾನುವಾರ ಮೀನು ತರಬೇಕು, ಅಷ್ಟರೊಳಗೆ ಬರಲಿ."

ಇಲ್ಲಿ ನನ್ನ ಒಂದು ತಪ್ಪು ಒಪ್ಪಿಕೊಳ್ಳಬೇಕು. ಬಿಸಲೆಯನ್ನು ದೀದಿಯ ಕೈಗಿಡುವಾಗ ಅವರ ಹಾಲಿನಂಥ ಬಿಳಿ ಶಾಲು ಕಂಡಿತು. ನನಗೆ ಮಸಿಯ ಬಗ್ಗೆ ನಾಚಿಕೆಯಾಯಿತು. "ಥೋಡಾ ಗಂದಾ ಹೈ ದೀದಿ, ಸಾರಿ" ಎಂದುಬಿಟ್ಟೆ. ಗಂದಾ, ಅಂದರೆ ಕೊಳಕು! ಇಷ್ಟು ವರ್ಷ ಅದರ ಸಾರು ಉಂಡ ಬಾಯಿಂದಲೇ!

ಪ್ರದರ್ಶನದ ದಿನ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ನನ್ನ ಮತ್ತು ನನ್ನ ಮಗಳ ಜೊತೆ ಹೊರಟರು. ಸಮುದಾಯ ಭವನದ ಉದ್ದದ ಮೇಜಿನ ಮೇಲೆ ಬಿಳಿ ಬಟ್ಟೆ, ಪ್ರತಿ ಪಾತ್ರೆಯ ಮುಂದೆ ಒಂದು ಕಾರ್ಡು, ಜೊತೆಗೆ 'ದಯವಿಟ್ಟು ಮುಟ್ಟಬೇಡಿ' ಎಂಬ ಬೋರ್ಡು. ಗೋಪುರದಂಥ ಮುಚ್ಚಳದ ಮೊರಾಕ್ಕೊ ಪಾತ್ರೆಯನ್ನು ನೋಡಿ ಅತ್ತೆ, "ಇದರಲ್ಲಿ ಕೋಳಿ ಚೆನ್ನಾಗಿ ಬೇಯುತ್ತದೆ" ಎಂದು ಸರ್ಟಿಫಿಕೇಟ್ ಕೊಟ್ಟರು. ಒಡೆದದ್ದನ್ನು ಚಿನ್ನದ ಗೆರೆಯಲ್ಲಿ ಜೋಡಿಸಿದ ಜಪಾನಿನ ಬಟ್ಟಲು ಕಂಡು, "ಪಾಪ, ಎಷ್ಟು ಇಷ್ಟವಿತ್ತೋ ಅವರಿಗೆ" ಎಂದರು. ಗುರುಗ್ರಾಮದ ಯಾರೋ ಹೊಸ ಕಲಾವಿದೆ ಬೇಕೆಂದೇ ಸೊಟ್ಟಗೆ ಮಾಡಿದ ತಟ್ಟೆಗಳ ಮುಂದೆ ಮಾತ್ರ ನಿಂತು, ನನ್ನ ಕಿವಿಯಲ್ಲಿ ಕೇಳಿದರು. "ವಾಪಸ್ ತಗೊಳ್ಳಲಿಲ್ಲವಾ ಅಂಗಡಿಯವರು?"

ಕೊನೆಯಲ್ಲಿ ನಮ್ಮ ಬಿಸಲೆ.

"ಅಜ್ಜೀ, ದೇಖೋ! ಎಷ್ಟು ಶೈನಿ!" ಮಗಳು ಕುಣಿದಳು.

ಅತ್ತೆಗೆ ಗುರುತೇ ಸಿಗಲಿಲ್ಲ. ಬೋರ್ಡನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಯಲ್ಲಿ ಎತ್ತಿ, ಒಳಗೆ ಮೂಗಿಟ್ಟರು. ರಶ್ಮಿ ದೀದಿ ಓಡಿಬಂದು ಸಂಭ್ರಮದಿಂದ ವಿವರಿಸಿದರು. ಎರಡು ದಿನ ಸೋಪಿನಲ್ಲಿ ನೆನೆಸಿ, ಉಕ್ಕಿನ ನಾರಿನಲ್ಲಿ ತಿಕ್ಕಿ, ಒಳಗೂ ಹೊರಗೂ ಎರಡು ಕೋಟ್ ವಾರ್ನಿಶ್ ಹೊಡೆದಿದ್ದರಂತೆ. ಅವರ ಬೆರಳಿನ ಚರ್ಮ ಸುಲಿದಿತ್ತು ಪಾಪ. ಏನೆಂದು ಬೈಯಲಿ? "ಥ್ಯಾಂಕ್ಯೂ ದೀದಿ" ಎಂದೆ.

"ಕಾರ್ಡಿನಲ್ಲಿ ಏನಿದೆ?" ಅತ್ತೆ ಕೇಳಿದರು.

ಮಗಳು ಓದಿ, ತನ್ನ ಕನ್ನಡದಲ್ಲಿ ಹೇಳಿದಳು. "ಪೆಹಲೇ ಜಮಾನೇ ಮೇ... ಅಂದರೆ ಹಿಂದಿನ ಕಾಲದಲ್ಲಿ ಇದರಲ್ಲಿ ಅಡುಗೆ ಮಾಡ್ತಾ ಇದ್ರು ಅಂತ."

"ಹಿಂದಿನ ಕಾಲ ಯಾಕೆ? ಮೊನ್ನೆ ಭಾನುವಾರ ಮಾಡಿದ್ದೆನಲ್ಲ."

ಸುಳ್ಳು ಕಾರ್ಡು ಎರಡು ಕೋಟಿನಲ್ಲಿ ನಿಜವಾಗಿಬಿಟ್ಟಿತ್ತು. ವಾರ್ನಿಶ್ ಕುಡಿದ ಮಣ್ಣಿನಲ್ಲಿ ಇನ್ನೆಂಥ ಸಾರು?

ಮನೆಗೆ ಬಂದ ಮೇಲೆ ಅತ್ತೆ ಒಂದೇ ಪ್ರಶ್ನೆ ಕೇಳಿದರು. "ಬಿಸಲೆ ಕೊಡುವಾಗ ನೀನು ಏನು ಹೇಳಿದ್ದೆ?" ಹೇಳಿದೆ. ಗಂದಾ ಎಂಬ ಹಿಂದಿ ಅವರಿಗೆ ಅರ್ಥವಾಗುತ್ತದೆ. ಎದ್ದು ಒಳಗೆ ಹೋದರು. ಆ ಭಾನುವಾರ ಸ್ಟೀಲ್ ಪಾತ್ರೆಯಲ್ಲಿ ಸಾರಾಯಿತು. ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮಂಗಳವಾರ ಅತ್ತೆಯನ್ನು ಆಟೋ ಹತ್ತಿಸಿಕೊಂಡು ಉತ್ತಮ ನಗರದ ಕುಂಬಾರರ ಬೀದಿಗೆ ಹೋದೆ. ಅತ್ತೆಗೆ ಹಿಂದಿ ಮಾತಾಡಲು ಬರದು, ಅಂಗಡಿಯ ಹೆಂಗಸಿಗೆ ಕನ್ನಡ ಗೊತ್ತಿಲ್ಲ. ಅತ್ತೆ ಒಂದೊಂದೇ ಹಾಂಡಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, ಕೆಳಗಿಟ್ಟರು. ಏಳನೆಯದನ್ನು ಬಡಿದಾಗ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. "ಮಾತಾಜೀ ಕೋ ಸಬ್ ಪತಾ ಹೈ" ಎಂದಳು ಅವಳು, ಅಮ್ಮನಿಗೆ ಎಲ್ಲಾ ಗೊತ್ತು ಅಂತ. ನನ್ನ ದುಭಾಷಿ ಕೆಲಸ ಅಲ್ಲಿಗೆ ಮುಗಿಯಿತು.

ಹೊಸ ಮಡಕೆಯನ್ನು ಪಳಗಿಸುವುದು ಸುಲಭವಲ್ಲ. ಒಂದಿಡೀ ದಿನ ನೀರಲ್ಲಿ ಮುಳುಗಿಸಿಡಬೇಕು. ಆಮೇಲೆ ದಿನವೂ ಗಂಜಿತಿಳಿ ಕುದಿಸಬೇಕು, ಎಣ್ಣೆ ಸವರಬೇಕು, ತೆಂಗಿನತುರಿ ಹುರಿಯಬೇಕು. ಎಲ್ಲವನ್ನೂ ಅತ್ತೆ ನನ್ನ ಕೈಯಲ್ಲೇ ಮಾಡಿಸಿದರು. ಶಿಕ್ಷೆಯೋ ಶಿಕ್ಷಣವೋ ಕೇಳುವ ಧೈರ್ಯ ನನಗಿರಲಿಲ್ಲ. ಮೊದಲ ಸಾರು ಮಣ್ಣುಮಣ್ಣು. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಅತ್ತೆ ತುಟಿ ಚಪ್ಪರಿಸಿ, "ಹ್ಞಾಂ, ದಾರಿಗೆ ಬರ್ತಿದೆ" ಎಂದರು. ಹೇಳಿದ್ದು ಮಡಕೆಗೆ ಎಂದುಕೊಂಡಿದ್ದೇನೆ.

ಹಳೆಯ ಬಿಸಲೆ ಟೀವಿ ಪಕ್ಕದಲ್ಲಿದೆ. ಬಂದವರೆಲ್ಲ "ವಾವ್" ಅನ್ನುತ್ತಾರೆ. ಅತ್ತೆ ಅತ್ತ ನೋಡುವುದಿಲ್ಲ.

ನಿನ್ನೆ ರಶ್ಮಿ ದೀದಿಯ ವಾಟ್ಸಾಪ್ ಬಂತು. ಹೋಳಿ ಹಬ್ಬಕ್ಕೆ ಇನ್ನೊಂದು ಪ್ರದರ್ಶನವಂತೆ, ಅಥೆಂಟಿಕ್ ಪೀಸ್ ಇನ್ನೇನಾದರೂ ಇದೆಯಾ ಎಂದು ಕೇಳಿದ್ದರು. ಅತ್ತೆಗೆ ಹೇಳಿದೆ. ಅವರು ಸಾರಿನಿಂದ ತಲೆಯೆತ್ತದೆ ಉತ್ತರ ಕೊಟ್ಟರು.

"ಇದೆ, ಒಲೆ ಮೇಲಿದೆ ಅನ್ನು. ಹಸಿವು ಇಟ್ಟುಕೊಂಡು ಬರಲಿ, ವಾರ್ನಿಶ್ ಡಬ್ಬ ಮನೆಯಲ್ಲಿಟ್ಟು ಬರಲಿ."