ನಾರ್ಕಂಡಾದ ಬಾಯ್ಲರ್ ಕೆಲಸ ನೋಡಲು ಹೋದದ್ದು

ಮಸ್ಕಿಯಿಂದ ರಾಯಚೂರು ಬಸ್ಸು ಹೊರಟಾಗ ಬೆಳಗಿನ ಎಂಟು ಗಂಟೆ. ಡಿಸೆಂಬರ್ ಮುಗಿಯುತ್ತಾ ಬಂದಿತ್ತು. ನನ್ನ ಟಿಕೆಟ್ಟಿಗೆ ನೂರಾ ಮೂವತ್ತು ಚಿಲ್ಲರೆ ಬಿತ್ತು. ಹೆಂಡತಿ ಖಾಜಾಬಿ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಚೀಟಿ ತೆಗೆದುಕೊಂಡು ಕಿಟಕಿ ಪಕ್ಕದ ಸೀಟನ್ನೂ ತಾನೇ ಹಿಡಿದಳು.

"ರೊಕ್ಕ ಕೊಟ್ಟಾವ ನಾನು, ಕಿಟಕಿ ನಿನಗೇನು?" ಎಂದೆ.

"ಸರ್ಕಾರ ನನ್ನ ಕರಕೊಂಡು ಹೊಂಟೈತಿ. ನೀವು ನನ್ನ ಜೋಡಿ ಬರಾಕತ್ತೀರಿ, ಸುಮ್ನ ಕುಂದರ್ರಿ" ಎಂದಳು.

ನಗೆಚಾಟಿಕೆ ಅಷ್ಟಕ್ಕೇ ನಿಂತಿತು. ಇಬ್ಬರಿಗೂ ಒಳಗೊಳಗೆ ಹೆದರಿಕೆ ಇತ್ತು. ಸಿಂಧನೂರಿನ ಒಂದು ರೈಸ್‌ಮಿಲ್ಲಿನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಭತ್ತ ಬೇಯಿಸಲು ಉಗಿ ಬೇಕು, ಉಗಿಗೆ ಬೆಂಕಿ, ಬೆಂಕಿಗೆ ಭತ್ತದ ಹೊಟ್ಟು. ಆ ಹೊಟ್ಟಿನ ಧೂಳು ಕಣ್ಣು, ಮೂಗು, ಕಡೆಗೆ ಎದೆಯೊಳಗೂ ಹೋಗಿ ಕುಳಿತಿತ್ತು. ಬೆಳಗಿನ ಜಾವ ಎದ್ದು ಕುಳಿತು ಕೆಮ್ಮಬೇಕು. ಅರ್ಧ ತಾಸಾದರೂ ನಿಲ್ಲದು. ಲಿಂಗಸುಗೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಹುಸೇನ್‌ಸಾಬ್, ಈ ಧೂಳಿನ ಕೆಲಸ ಬಿಡ್ರಿ. ಈ ವರ್ಷನ ಬಿಡ್ರಿ" ಎಂದಿದ್ದರು. ಬಿಟ್ಟು ಮಾಡುವುದೇನು? ನನ್ನ ಹತ್ತಿರ ಇರುವುದು ಬಾಯ್ಲರ್ ಸರ್ಟಿಫಿಕೇಟ್ ಒಂದೇ.

ನಮ್ಮ ಮಿಲ್ಲಿಗೆ ರಿಪೇರಿಗೆ ಬರುತ್ತಿದ್ದ ಪಂಜಾಬಿನ ಮೆಕ್ಯಾನಿಕ್ ಒಬ್ಬ ದಾರಿ ತೋರಿಸಿದ. ಶಿಮ್ಲಾದಿಂದ ಆಚೆ ನಾರ್ಕಂಡಾ ಎಂಬ ಊರು. ಅಲ್ಲಿಯ ಒಂದು ಹೋಟೆಲಿನ ಕೋಣೆಗಳನ್ನು ಬೆಚ್ಚಗಿಡಲು ಕಟ್ಟಿಗೆಯ ಬಾಯ್ಲರ್ ಇದೆ, ಸರ್ಟಿಫಿಕೇಟ್ ಇದ್ದವರು ಬೇಕು, ಇರಲು ಮನೆ ಕೊಡುತ್ತಾರೆ, ಹೊಟ್ಟಿನ ಧೂಳು ಇಲ್ಲ. ನಾಲ್ಕು ದಿನ ಬಂದು ನೋಡಿ ಹೇಳಿ ಎಂದು ಮಾಲೀಕರೇ ಫೋನಿನಲ್ಲಿ ಹೇಳಿದರು. "ನಾ ನೋಡಲಾರದ ಊರಿಗೆ ನಿಮ್ಮನ್ನ ಕಳಸಂಗಿಲ್ಲ" ಎಂದು ಖಾಜಾಬಿ ಹಟ ಹಿಡಿದಳು. ಮಕ್ಕಳಿಬ್ಬರನ್ನೂ ಸಾಲಗುಂದದಲ್ಲಿ ನನ್ನ ಅಕ್ಕನ ಮನೆಗೆ ಬಿಟ್ಟೆವು.

ರಾಯಚೂರಿನಿಂದ ದಿಲ್ಲಿಗೆ ರೈಲು, ಸ್ಲೀಪರ್ ಬೋಗಿ. ಒಂದೂವರೆ ದಿನದ ಹಾದಿ. ಖಾಜಾಬಿ ಕಟ್ಟಿಕೊಂಡು ಬಂದಿದ್ದ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿಯಲ್ಲೇ ಊಟ ನಡೆಯಿತು. ಭೋಪಾಲ್ ದಾಟಿದ ಮೇಲೆ ಚಳಿ ಹತ್ತಿತು. ದಿಲ್ಲಿಯಿಂದ ಶಿಮ್ಲಾಕ್ಕೆ ಹಗಲು ಬಸ್ಸು. ಮಂಜಿನಲ್ಲಿ ಮುಂದಿನ ಗಾಡಿಯೇ ಕಾಣುತ್ತಿರಲಿಲ್ಲ. ಕಾಲ್ಕಾ ದಾಟಿ ಗುಡ್ಡ ಹತ್ತತೊಡಗಿದಾಗ ಖಾಜಾಬಿಗೆ ವಾಂತಿ ಶುರುವಾಯಿತು. ಹಿಂದಿನ ಸೀಟಿನ ಹೆಂಗಸೊಬ್ಬಳು ಕಿತ್ತಳೆ ಸಿಪ್ಪೆ ಕೊಟ್ಟು ಮೂಸುತ್ತಿರು ಎಂದಳು. ಆ ತಾಯಿಯ ಹೆಸರು ಕೇಳುವುದನ್ನೂ ನಾವು ಮರೆತೆವು.

ಆ ರಾತ್ರಿ ಶಿಮ್ಲಾದಲ್ಲಿ ಉಳಿದು, ಮರುದಿನ ನಾರ್ಕಂಡಾ ಬಸ್ಸು ಹಿಡಿದೆವು. ಅರವತ್ತು ಕಿಲೋಮೀಟರಿನ ಸುಮಾರು, ಮೂರು ತಾಸು. ಅರ್ಧ ಹಾದಿ ಕಳೆದ ಮೇಲೆ ರಸ್ತೆ ಬದಿಯಲ್ಲಿ ಬೆಳ್ಳಗೆ ಕಾಣತೊಡಗಿತು. ನಾನು ಸುಣ್ಣದ ರಾಶಿ ಎಂದುಕೊಂಡೆ. ಖಾಜಾಬಿ ಅರಿವೆ ಒಣಹಾಕಿದ್ದಾರೆ ಎಂದಳು. ಆಮೇಲೆ ಮರ, ಮನೆ, ಅಂಗಡಿಯ ತಗಡು ಎಲ್ಲವೂ ಬೆಳ್ಳಗಾದಾಗ ಅದು ಹಿಮ ಎಂದು ಇಬ್ಬರಿಗೂ ತಿಳಿಯಿತು. "ಯವ್ವಾ, ಇಷ್ಟರಾಗ ಮಂದಿ ಹೆಂಗ ಬಾಳೇವು ಮಾಡ್ತಾರ!" ಎಂದು ಅವಳು ಕಿಟಕಿ ಗಾಜು ಒರೆಸಿ ಒರೆಸಿ ನೋಡಿದಳು. ಬಸ್ಸಿಳಿದು ಹೋಟೆಲಿನವರೆಗಿನ ಏರು ಹತ್ತುವಾಗ ನಾನು ಮೂರು ಸಲ ನಿಂತೆ. ಅವಳು ನನ್ನ ಮುಖ ನೋಡುವುದು, ನಾನು ಗುಡ್ಡ ನೋಡುವವನಂತೆ ನಟಿಸುವುದು.

ನಮಗೆ ಕೊಟ್ಟ ಮನೆ ಬಾಯ್ಲರ್ ಕೋಣೆಗೆ ಹತ್ತಿಕೊಂಡೇ ಇತ್ತು. ಎರಡು ಬಾಗಿಲಿಗೂ ಒಂದೇ ಕಲ್ಲುಹಾಸಿನ ಹಾದಿ. ಬಾಯ್ಲರ್ ಕೋಣೆಯಲ್ಲಿದ್ದವರು ಸೂರತ್‌ರಾಮ್, ಅಲ್ಲಿ ಎಲ್ಲರಿಗೂ ಚಾಚಾ. ಅರವತ್ತು ದಾಟಿದ ಒಣಕಲು ಮೈ, ತಲೆಗೆ ಉಣ್ಣೆ ಟೋಪಿ. ಆ ಬಾಯ್ಲರನ್ನು ಕೂಡಿಸಿದ ದಿನದಿಂದ ಅವರದೇ ಕೈ. ಅವರ ಮಾತು ಪಹಾಡಿ ಬೆರೆತ ಹಿಂದಿ, ನನ್ನದು ದಖನಿ ಉರ್ದು. ಒಬ್ಬರಿಗೊಬ್ಬರು ಅರ್ಧ ಅರ್ಥವಾಗಿ, ಉಳಿದರ್ಧ ಕೈಸನ್ನೆಯಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ನಿನ್ನನ್ನ ಕರೆಸಿದ್ದು ನನ್ನ ಜಾಗಕ್ಕೆ. ನಾನು ಬಿಡ್ತೀನಿ ಅಂತ ಯಾರಿಗೂ ಹೇಳಿಲ್ಲ" ಎಂದರು, ಮೊದಲ ಮಾತಿಗೇ.

ನನಗೆ ಅದು ಗೊತ್ತಿರಲಿಲ್ಲ. ಹಾಗೇ ಹೇಳಿದೆ. ಅವರು ಬೆಂಕಿಗೊಂದು ತುಂಡು ಇಟ್ಟು, "ಏಪ್ರಿಲ್‌ವರೆಗೂ ಇರ್ತೀನಿ, ಆಮೇಲೆ ನೋಡೋಣ ಅಂತ ಮಾಲೀಕರಿಗೆ ಅಂದಿದೀನಿ. ಕೂತ್ಕೋ, ಚಾ ಕುಡಿ" ಎಂದರು. ಒಳ್ಳೆಯ ಮನುಷ್ಯ. ಆದರೆ ಕಲಿಸುವಾಗ ಮಾತು ಖಡಕ್ಕು. ಕಟ್ಟಿಗೆ ತುಂಬುವಾಗ ನನ್ನ ಕೈ ಹಿಡಿದು, "ಇದು ನಿಮ್ಮ ಹೊಟ್ಟಲ್ಲ, ಸುರಿಯೋದಕ್ಕೆ. ಒಂದೊಂದು ತುಂಡಿಗೂ ಜಾಗ ನೋಡು" ಎಂದು ಬೈದರು. ಆ ಬೈಗುಳ ಕೇಳಿ ನನಗೆ ಖುಷಿಯೇ ಆಯಿತು. ಕೆಲಸ ಗೊತ್ತಿದ್ದವರು ಬೈದರೆ ನನಗೆ ಸಿಟ್ಟು ಬರುವುದಿಲ್ಲ.

ಎರಡು ದಿನ ಹೀಗೆ ಕಳೆದವು. ಎರಡನೆಯ ದಿನ ಸಂಜೆ ಅವರು ಮನೆಗೆ ಹೋದ ಮೇಲೆ ನಾನೊಂದು ಕೆಲಸ ಮಾಡಿದೆ. ಬಾಯ್ಲರ್ ಪಕ್ಕದ ಡಬ್ಬಿಯಲ್ಲಿ ಬೂದಿ ತುಂಬಿ ನಿಂತಿತ್ತು. ನಮ್ಮ ಮಿಲ್ಲಿನಲ್ಲಿ ಪಾಳಿ ಬಿಡುವಾಗ ಬೂದಿ ತೆಗೆಯದೆ ಹೋದರೆ ಮುಂದಿನ ಪಾಳಿಯವನು ತಾಯಿ ತಂದೆಯನ್ನೆಲ್ಲ ಎಣಿಸಿ ಬೈಯುತ್ತಾನೆ. ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ಹಿಡಿ ಬೂದಿಯನ್ನೂ ಬೇರೆಯವರಿಗೆ ಬಿಟ್ಟು ಹೋದವನಲ್ಲ. ಡಬ್ಬಿ ಹೊತ್ತುಕೊಂಡು ಹೋಗಿ ಹಿಂದಿನ ತಗ್ಗಿಗೆ ಸುರಿದು, ಡಬ್ಬಿ ಒರೆಸಿ ಬೋರಲು ಹಾಕಿದೆ. ಚಾಚಾ ಬೆಳಿಗ್ಗೆ ನೋಡಿ ಮೆಚ್ಚಲಿ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ದಿನ ಬೆಳಿಗ್ಗೆ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಹೊರಗೆ ಏನೋ ಬಿದ್ದ ಸಪ್ಪಳ. ಆಮೇಲೆ ಒಂದು ನರಳಾಟ. ಓಡಿ ಬಾಗಿಲು ತೆಗೆದೆ. ಸೂರತ್‌ರಾಮ್ ಚಾಚಾ ನಮ್ಮ ಹೊಸ್ತಿಲ ಮುಂದೆ ಬಿದ್ದಿದ್ದರು. ಕಲ್ಲುಹಾಸಿನ ಮೇಲೆ ಗಾಜಿನಂಥ ಮಂಜುಗಡ್ಡೆ. ನಾನೂ ಕಾಲಿಟ್ಟು ಜಾರಿ ಮಂಡಿಯೂರಿದೆ. ಅವರ ಬಲಗಾಲು ಸೊಂಟದಿಂದಲೇ ತಿರುಗಿದಂತೆ ಬಿದ್ದಿತ್ತು. ಹೋಟೆಲಿನ ಅಡುಗೆಯವನೂ ನಾನೂ ಕಂಬಳಿಯ ಮೇಲೆ ಎತ್ತಿ ಜೀಪಿಗೆ ಹಾಕಿದೆವು. ಮಾಲೀಕರೇ ಶಿಮ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೋಣೆಗಳೆಲ್ಲ ತುಂಬಿದ್ದವು, ಪೈಪು ತಣ್ಣಗಾಗುತ್ತಿತ್ತು. ನಾನು ಬಾಯ್ಲರ್ ಹೊತ್ತಿಸಿದೆ.

ಮನೆಯೊಳಗೆ ಬಂದರೆ ಖಾಜಾಬಿ ಮೂಲೆಯಲ್ಲಿ ನಿಂತಿದ್ದಳು. ಕೈಯಲ್ಲಿ ಖಾಲಿ ಬಕೀಟು.

"ನಾನ ಮಾಡೀನ್ರೀ. ಬಾಗಿಲಿಗೆ ನೀರು ಹಾಕಿದೆ."

ನಮ್ಮ ಕಡೆ ಹೆಂಗಸರು ಎದ್ದ ಕೂಡಲೇ ಬಾಗಿಲ ಮುಂದೆ ಕಸಬರಿಗೆ ಆಡಿಸಿ ನೀರು ಹಾಕುತ್ತಾರೆ. ಮಸ್ಕಿಯ ಕೆಂಧೂಳಿಗೆ ಅದಿಲ್ಲದಿದ್ದರೆ ಆಗದು. ಅವಳು ಇಲ್ಲಿಯೂ ಹಿಮ ಗುಡಿಸಿ, ನಲ್ಲಿಯ ಬಿಸಿನೀರು ಹಿಡಿದು ಚಿಮುಕಿಸಿದ್ದಳು. ಬಿಸಿನೀರಾದರೂ ಆ ಚಳಿಗೆ ಗಡ್ಡೆಯಾಗಲು ಎಷ್ಟು ಹೊತ್ತು?

ನನಗೆ ಸಿಟ್ಟು ನೆತ್ತಿಗೇರಿತು. "ಬುದ್ಧಿ ಐತೇನ ನಿನಗ? ಮನಷ್ಯಾನ ಸೊಂಟ ಮುರದ್ಯಲ್ಲ!" ಎಂದು ಚೀರಿದೆ. ಇನ್ನೂ ಏನೇನೋ ಅಂದೆ, ಬರೆಯಲಾರೆ.

ಅವಳು ಬಕೀಟು ಕೆಳಗಿಟ್ಟಳು. ಆಮೇಲೆ, "ಇವತ್ತ ನೀವು ಕೆಮ್ಮಲಾರದಂಗ ಮಲಗಿದ್ರಿ. ಎಷ್ಟ ವರ್ಷ ಆಗಿತ್ತು. ನನಗ ಇದು ನಮ್ಮನಿ ಆದಂಗ ಆತು. ಅದಕ್ಕ ನೀರು ಹಾಕಿದೆ" ಎಂದಳು.

ಹೌದು. ಆ ಬೆಳಿಗ್ಗೆ ನಾನು ಕೆಮ್ಮಿರಲಿಲ್ಲ. ನನಗೇ ಅದು ನೆನಪಿಗೆ ಬಂದಿರಲಿಲ್ಲ.

ಹತ್ತು ಗಂಟೆಗೆ ಅಡುಗೆಯವ ಚಾ ತಂದವನು ಬೋರಲು ಹಾಕಿದ್ದ ಡಬ್ಬಿ ನೋಡಿ, "ಬೂದಿ ಎಲ್ಲಿ?" ಎಂದ. ಚೆಲ್ಲಿದೆ ಎಂದೆ. ಅವನ ಮುಖ ಬದಲಾಯಿತು. "ಚಾಚಾ ದಿನಾ ಸಂಜೆ ಬೂದಿ ಉಳಿಸಿಡ್ತಾರೆ. ಬೆಳಿಗ್ಗೆ ಬಂದವರೇ ಮೊದಲು ಡಬ್ಬಿ ತಗೊಂಡು ಹಾದೀಲಿ ಬೂದಿ ಎರಚ್ತಾರೆ. ಬೂದಿ ಬಿದ್ದರೆ ಕಾಲು ಜಾರಲ್ಲ. ಇವತ್ತು ಡಬ್ಬಿ ಖಾಲಿ ಇದ್ದದ್ದು ನೋಡಿ, ಬೂದಿ ಕೇಳೋಕೆ ನಿಮ್ಮ ಬಾಗಿಲಿಗೆ ಬಂದಿರಬೇಕು" ಎಂದ.

ನಾನು ಕಟ್ಟಿಗೆ ರಾಶಿಯ ಮೇಲೆ ಕುಳಿತುಬಿಟ್ಟೆ. ಇಷ್ಟು ಹೊತ್ತು ಬೈಸಿಕೊಂಡವಳು ಪಕ್ಕದ ಕೋಣೆಯಲ್ಲಿದ್ದಳು. ಎದ್ದು ಹೋಗಿ ಅವಳಿಗೆ ಇದ್ದದ್ದನ್ನು ಹೇಳಿದೆ. ಅವಳು, "ಅಲ್ಲಾ! ಇಬ್ರೂ ಕೂಡಿ ಮಾಡೀವಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನೂ ಅತ್ತೆ.

ಮಾಲೀಕರು ಸಂಜೆ ಬಂದರು. ಸೊಂಟದ ಎಲುಬು ಮುರಿದಿದೆ, ಆಪರೇಷನ್ ಆಗಬೇಕು, ಮೂರು ತಿಂಗಳು ಏಳುವಂತಿಲ್ಲ. "ದೇವರೇ ನಿನ್ನನ್ನ ಸರಿಯಾದ ಹೊತ್ತಿಗೆ ಕಳಿಸಿದ. ಇವತ್ತಿನಿಂದಲೇ ಕೆಲಸ ನಿನ್ನದು" ಎಂದರು. ನೀರಿನದು ಯಾರಿಗೂ ಗೊತ್ತಿರಲಿಲ್ಲ, ಬೂದಿಯದನ್ನು ಅಡುಗೆಯವ ಅವರಿಗೆ ಹೇಳಿರಲಿಲ್ಲ. ಹಿಮದ ಊರು, ಮುದುಕ ಜಾರಿದ, ಅಷ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ, ಮನೆ, ನನ್ನ ಉಸಿರು ಎಲ್ಲವೂ ಕೈಗೆ ಬಂದಂತೆಯೇ. ಖಾಜಾಬಿ ನನ್ನನ್ನೇ ನೋಡುತ್ತಿದ್ದಳು. ನಾನು ನೀರಿನದೂ ಬೂದಿಯದೂ ಎರಡನ್ನೂ ಹೇಳಿಬಿಟ್ಟೆ.

ಅವರು ಖಾಜಾಬಿಯ ಕಡೆಗೊಮ್ಮೆ ನೋಡಿದರು. ಆಮೇಲೆ, "ಬೇಕಂತ ಮಾಡಿದ್ದಲ್ಲವಲ್ಲ. ಕೆಲಸ ಮಾಡು" ಎಂದರು.

"ಆಗೋದಿಲ್ಲ ಸಾಬ್. ಒಬ್ಬರ ಸೊಂಟ ಮುರಿದು ಅವರ ಜಾಗದಲ್ಲಿ ಕೂತರೆ ಆ ಅನ್ನ ನನಗೆ ಹರಾಮ್" ಎಂದೆ. ಅವರು ಎಷ್ಟು ಕೇಳಿಕೊಂಡರೂ ನನ್ನದು ಒಂದೇ ಮಾತು. ನನ್ನ ಮೊಂಡುತನ ಮಸ್ಕಿಯಲ್ಲಿ ಎಲ್ಲರಿಗೂ ಗೊತ್ತು. ಮರುದಿನ ಪೂರ್ತಿ ಅಡುಗೆಯವನಿಗೆ ಕಟ್ಟಿಗೆ ಹಾಕುವುದನ್ನು ಹೇಳಿಕೊಟ್ಟು, ಅದರ ಮರುದಿನ ಬೆಳಿಗ್ಗೆ ಗಂಟುಮೂಟೆ ಕಟ್ಟಿದೆವು. ಹೋಗುವಾಗ ಚಾಚಾನ ಕಾಲು ಹಿಡಿದು ಕ್ಷಮೆ ಕೇಳಿ ದಿಲ್ಲಿ ಬಸ್ಸು ಹತ್ತುವುದು ಎಂದು ಮಾತಾಡಿಕೊಂಡೆವು. ಶಿಮ್ಲಾ ಬಸ್ಸು ಗುಡ್ಡ ಇಳಿಯುತ್ತಿದ್ದಾಗ, ನಾನು ಸರಿಯಾದದ್ದನ್ನೇ ಮಾಡುತ್ತಿದ್ದೇನೆ ಎಂಬ ಒಂದು ಜಂಬವೂ ನನ್ನಲ್ಲಿತ್ತು.

ಆಸ್ಪತ್ರೆಯ ದೊಡ್ಡ ವಾರ್ಡಿನಲ್ಲಿ ಅವರು ಕಣ್ಣು ಮುಚ್ಚಿ ಮಲಗಿದ್ದರು. ಆಪರೇಷನ್ ಆಗಿತ್ತು. ಪಕ್ಕದಲ್ಲಿ ಅವರ ಮಗ. ಖಾಜಾಬಿ ಮಂಚದ ತುದಿಯಲ್ಲಿ ನಿಂತು ತನಗೆ ಬಂದಷ್ಟು ದಖನಿಯಲ್ಲಿ, ನೀರು ಹಾಕಿದವಳು ನಾನೇ ಎಂದಳು. ಚಾಚಾ ಕಣ್ಣು ತೆರೆದರು.

"ಗೊತ್ತು ಮಗಳೇ. ಬೀಳುವಾಗ ನಿನ್ನ ಬಕೀಟು ಕಂಡಿತ್ತು. ನಿಮ್ಮ ಊರಲ್ಲಿ ನೀರು ಗಟ್ಟಿಯಾಗಲ್ಲ, ನಿನಗೇನು ಗೊತ್ತು" ಎಂದರು. ನಾನು ಬೂದಿಯ ಮಾತು ಎತ್ತಿದೆ.  ಅವರು ನನ್ನ ಹೆಗಲ ಮೇಲಿದ್ದ ಚೀಲವನ್ನೇ ನೋಡುತ್ತಿದ್ದರು.

"ಬಾಯ್ಲರ್ ಹತ್ರ ಯಾರಿದ್ದಾರೆ?"

"ಅಡುಗೆಯವ."

"ಯಾರು?"

"ಅಡುಗೆಯವ, ಚಾಚಾ. ಹೇಳಿಕೊಟ್ಟು ಬಂದಿದೀನಿ. ನಾವು ಊರಿಗೆ ಹೊರಟಿದ್ದೀವಿ. ನಿಮ್ಮ ಜಾಗ ನನಗೆ ಬೇಡ."

ಅವರು ಏಳಲು ಹೋದರು. ಮಗ ಹಿಡಿದುಕೊಂಡ. ನೋವಿಗೆ ಮುಖ ಬೆವರಿತು. "ನಾಚಿಕೆ ಇಲ್ವಾ ನಿನಗೆ? ಅವನು ಗಾಜಿನಲ್ಲಿ ನೀರಿನ ಮಟ್ಟ ನೋಡ್ತಾನಾ? ನೀರು ಇಳಿದರೆ ಬಾಯ್ಲರ್ ಸಿಡಿಯತ್ತೆ ಅಂತ ಅವನಿಗೆ ಗೊತ್ತಾ? ಮೇಲೆ ಕೋಣೆಗಳಲ್ಲಿ ಮಕ್ಕಳು ಮರಿ ಮಲಗಿದ್ದಾರೆ! ನನ್ನ ಸೊಂಟ ಮುರಿದದ್ದಕ್ಕೆ ನಾನು ನಿನ್ನ ಏನಾದರೂ ಅಂದೆನಾ? ಬೆಂಕಿ ಬಿಟ್ಟು ಬಂದಿದೀಯ. ಇದು ತಪ್ಪು. ವಾಪಸ್ ಹೋಗು ನಾರ್ಕಂಡಾಕ್ಕೆ!"

ವಾರ್ಡೆಲ್ಲ ನಮ್ಮ ಕಡೆ ತಿರುಗಿತು.  ಸರ್ಟಿಫಿಕೇಟ್ ಇದ್ದವನು ಬೆಂಕಿ ಬಿಟ್ಟು ಕದಲಬಾರದೆಂದು ನಾನೇ ಸಿಂಧನೂರಿನಲ್ಲಿ ಎಷ್ಟು ಜನಕ್ಕೆ ಹೇಳಿಲ್ಲ! ನನ್ನ ಪಾಪ ತೊಳೆದುಕೊಳ್ಳುವ ಅವಸರದಲ್ಲಿ ಉರಿಯುವ ಬಾಯ್ಲರನ್ನು ರೊಟ್ಟಿ ಸುಡುವವನ ಕೈಗೆ ಕೊಟ್ಟು ಬಂದಿದ್ದೆ.

ಶಿಮ್ಲಾ ಬಸ್‌ಸ್ಟ್ಯಾಂಡಿನಲ್ಲಿ ದಿಲ್ಲಿ ಬಸ್ಸೂ ನಾರ್ಕಂಡಾ ಬಸ್ಸೂ ಹೊರಡಲು ನಿಂತಿದ್ದವು. "ನೀನು ಮಕ್ಕಳ ಹಂತ್ಯಾಕ ಹೋಗ್ತೀಯೇನು?" ಎಂದು ಕೇಳಿದೆ. "ನಿಮ್ಮ ಅಕ್ಕಗ ಫೋನ್ ಹಚ್ಚೀನಿ. ಬ್ಯಾಸಗಿ ಸೂಟಿ ಬಿಟ್ಟ ಮ್ಯಾಲೆ ಹುಡುಗ್ರನ್ನ ಕರಕೊಂಡು ಬರ್ತಾಳಂತ. ಏರ್ರಿ ಮೊದಲ" ಎಂದು ಖಾಜಾಬಿ ತಾನೇ ನಾರ್ಕಂಡಾ ಬಸ್ಸು ಹತ್ತಿದಳು. ನಾನು ಮಾಲೀಕರಿಗೆ ಫೋನ್ ಮಾಡಿ ಬರುತ್ತಿದ್ದೇನೆ ಎಂದೆ, ಗಾಜಿನಲ್ಲಿ ನೀರು ಎಲ್ಲಿಗಿದೆ ನೋಡಿ ಎಂದೂ ಹೇಳಿದೆ. ಚಾಚಾ ಏಳುವವರೆಗೆ ಅವರ ಸಂಬಳ ಅವರ ಮನೆಗೇ ಹೋಗಬೇಕೆಂದೆ. ಆಗಲಿ ಎಂದರು.

ಕೆಳಗೆ ದಿಲ್ಲಿಯ ಬಸ್ಸು ತಿರುವಿನಲ್ಲಿ ಇಳಿದು ಹೋಗುವುದು ಒಂದು ಸಲ ಕಂಡಿತು. ಅಷ್ಟರಲ್ಲಿ ಫೋನು ರಿಂಗಾಯಿತು. ಚಾಚಾನ ಮಗನ ನಂಬರು. ಎತ್ತಿದರೆ ಚಾಚಾನದೇ ದನಿ.

"ಮುಟ್ಟಿದ್ಯಾ?"

"ಇನ್ನೂ ಬಸ್ಸಿನಲ್ಲಿದೀನಿ ಚಾಚಾ. ಈಗ ಹೊರಟಿತು."

"ಸರಿ. ಮುಟ್ಟಿದ ಕೂಡಲೇ ಹೇಳು. ಅಲ್ಲೀವರೆಗೆ ನನಗೆ ನಿದ್ದೆ ಬರಲ್ಲ" ಎಂದರು.